ಕೋಳಿಬುಟ್ಟಿಯ ಬೆಂಗಾವಲು

ಹಿಂದಿನ ತೋಪಿನ ನಳಿಗೆ ಅರ್ಧಕ್ಕೆ ಮುರಿದಿತ್ತು. ಅದು ಊದಿನಕಡ್ಡಿಯ ತುಂಡು. ಮುರಿದ ತುದಿಯಲ್ಲಿ ಕರಿ ಬಣ್ಣ ಹೋಗಿ ಬಿದಿರಿನ ನಾರು ಕಾಣುತ್ತಿತ್ತು. ಮುಂದಿನ ತೋಪು ನೆಟ್ಟಗಿತ್ತು. ಎರಡರ ನಡುವೆ ಒಂದು ಹೊಗೆಗೂಡು, ಅದರ ನೆತ್ತಿಯ ಮೇಲೆ ಒಣಗಿದ ಕೋಳಿಯ ಹಿಕ್ಕೆ. ಗೇಣಿಗಿಂತ ತುಸು ಉದ್ದವಿದ್ದ ಆ ಯುದ್ಧನೌಕೆ ನಮ್ಮ ಸುಮನತ್ತಿಯ ಬೋರಲು ಹಾಕಿದ ಕೋಳಿಬುಟ್ಟಿಯ ಅಂಚಿನಡಿ ಸಿಕ್ಕಿಕೊಂಡು, ಒಳಗಿನ ಮರಿಗಳಿಗೆ ಗಾಳಿಯಾಡಲೆಂದು ಬುಟ್ಟಿಯನ್ನು ನಾಲ್ಕು ಬೆರಳು ಎತ್ತಿ ಹಿಡಿದಿತ್ತು.

"ಅತ್ತಿ, ಇದು ಇಲ್ಲಿಗಿ ಯಾವಾಗ ಬಂತು?" ಎಂದೆ.

"ಯಾವ್ದ ಬೇ?"

"ಈ ಹಡಗ."

"ಅದಾ? ಮೊದಲ ಇಟ್ಟಂಗಿ ಇಡ್ತಿದ್ನಿ. ಇಟ್ಟಂಗಿ ಎತ್ತರ ಆಗಿ ಬೆಕ್ಕು ತೂರ್ತಿತ್ತು. ಇದು ಬರೋಬರ್ ಕುಂಡ್ರತೈತಿ."

ಇಷ್ಟು ಹೇಳಿ ಅತ್ತಿ ಎಮ್ಮೆಗೆ ಮೇವು ಹಾಕಲು ಹೋದಳು. ಅವಳು ಹೋಗುವುದು ಬರುವುದು ನೋಡದೆಯೂ ತಿಳಿಯುತ್ತದೆ. ಒಂದು ಹೆಜ್ಜೆಯ ಸದ್ದು, ಆಮೇಲೆ ಎಡಗಾಲು ನೆಲ ಸವರುವ ಸದ್ದು. ಹುಟ್ಟಿದಂದಿನಿಂದ ಆ ಕಾಲು ಸಣ್ಣದು.

ಪೆಸಿಫಿಕ್ ಮಹಾಸಾಗರದ ಬೆಂಗಾವಲು ಹಡಗೊಂದು ನಿಪ್ಪಾಣಿ ಬಳಿಯ ನಮ್ಮೂರು ಅಕ್ಕೋಳದ ಕೋಳಿಬುಟ್ಟಿಯ ಕೆಳಗೆ ಬಂದು ಸೇರಿದ್ದು ಹೇಗೆಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ. ಕೇಳದವರಿಗೂ ಹಡಗಿನ ಕಥೆ ಹೇಳುವ ಈ ಚಟ ನನಗೆ ನಮ್ಮ ವಸಂತಕಾಕಾನಿಂದ ಬಂದದ್ದು. ಅವನಿಂದ ನನಗೆ ಬಂದ ಆಸ್ತಿ ಇದೊಂದೇ.

ವಸಂತಕಾಕಾ ನಮ್ಮಪ್ಪನ ತಮ್ಮ, ಸುಮನತ್ತಿಗೂ ತಮ್ಮ. ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರನಾಗಿದ್ದ. ಅವನ ಪಾಠದಲ್ಲಿ ಪೇಶ್ವೆಗಳು ಒಂದು ವಾರದಲ್ಲಿ ಮುಗಿಯುತ್ತಿದ್ದರು, ಫ್ರಾನ್ಸಿನ ಕ್ರಾಂತಿ ಊಟದ ಬಿಡುವಿನೊಳಗೆ ಮುಗಿಯುತ್ತಿತ್ತು. ಪಠ್ಯದಲ್ಲಿ ಒಂದೂವರೆ ಸಾಲಿದ್ದ ಪೆಸಿಫಿಕ್ ಯುದ್ಧ ಮಾತ್ರ ದೀಪಾವಳಿಗೆ ಶುರುವಾದರೆ ಪರೀಕ್ಷೆಯವರೆಗೂ ನಡೆಯುತ್ತಿತ್ತು. ಇದಕ್ಕೆ ಕಾರಣ ಕೊಲ್ಹಾಪುರದ ರದ್ದಿ ಅಂಗಡಿಯಲ್ಲಿ ಅವನಿಗೆ ಸಿಕ್ಕ ಒಂದು ಇಂಗ್ಲಿಷ್ ಪುಸ್ತಕ. ಹೊದಿಕೆ ಇಲ್ಲ, ಮೊದಲ ಪುಟಗಳಿಲ್ಲ, ಆದ್ದರಿಂದ ಹೆಸರೂ ಇಲ್ಲ. ಒಳಗೆ ತುಂಬಾ ಸಣ್ಣ ಸಣ್ಣ ಬೆಂಗಾವಲು ಹಡಗುಗಳ ಚಿತ್ರಗಳು. ಕಾಕಾ ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ದೇವರ ಗೂಡಿಗಿಂತ ಒಂದು ಹಲಗೆ ಮೇಲೆ ಇಟ್ಟಿದ್ದ. ಮಡಿಯ ವಿಷಯದಲ್ಲಿ ಅಜ್ಜಿಯೂ ಅವನೂ ಒಂದೇ: ಕೈ ತೊಳೆಯದೆ ಮುಟ್ಟುವ ಹಾಗಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಆ ಹಡಗುಗಳ ಮೇಲೆ ನನಗೆ ತಕರಾರಿಲ್ಲ. ದೊಡ್ಡ ಯುದ್ಧನೌಕೆ ಕಟ್ಟಲು ವರ್ಷಗಟ್ಟಲೆ ಬೇಕು. ಇವನ್ನು ಕೆಲವು ತಿಂಗಳಲ್ಲಿ ಬೆಸೆದು ನೀರಿಗಿಳಿಸುತ್ತಿದ್ದರು. ತಗಡು ತೆಳ್ಳಗೆ, ತೋಪು ಚಿಕ್ಕವು. ಮೇಲೆ ಇದ್ದವರಲ್ಲಿ ಬಹಳ ಮಂದಿ ತುಸು ಹಿಂದಿನವರೆಗೆ ಅಂಗಡಿಯಲ್ಲೋ ಹೊಲದಲ್ಲೋ ಕಾಲೇಜಿನಲ್ಲೋ ಇದ್ದವರು. ಅವುಗಳಿಗೆ ಒಪ್ಪಿಸಿದ್ದ ಕೆಲಸ ಜೊತೆಗೆ ಹೋಗುವುದು. ಎಣ್ಣೆ, ಹಿಟ್ಟು, ಮದ್ದುಗುಂಡು ಹೊತ್ತು ತೆವಳುವ ಹಡಗುಗಳ ಸುತ್ತ ಕುರಿಹಿಂಡಿನ ನಾಯಿಯ ಹಾಗೆ ಸುತ್ತುತ್ತ, ನೀರಿನೊಳಗೆ ಸದ್ದು ಬಿಟ್ಟು ಅದು ಸಬ್‌ಮರೀನಿಗೆ ತಾಗಿ ಮರಳುತ್ತದೇನೋ ಎಂದು ಕಿವಿಗೊಟ್ಟು ಕೂರುವುದು. ದೊಡ್ಡ ಹಡಗುಗಳಿಗೆ ರಾಜ್ಯಗಳ, ಊರುಗಳ ಹೆಸರು. ಇವಕ್ಕೆ ಬಹುಪಾಲು ಯುದ್ಧದಲ್ಲಿ ಸತ್ತ ನಾವಿಕರ ಹೆಸರು. ಎಂದರೆ ಸತ್ತವನೊಬ್ಬ ಮತ್ತೆ ಇನ್ನೊಬ್ಬರನ್ನು ಕಾಯಲು ಹೊರಡುತ್ತಿದ್ದ. ಹತ್ತನೆಯ ವಯಸ್ಸಿನಲ್ಲಿ ಇದನ್ನು ಕೇಳಿ ನಾನು ಅತ್ತಿದ್ದೆ. ಈಗಲೂ ಅಳಬಹುದಾದ ಸಂಗತಿಯೇ.

ಕಾಕಾನ ಮುಖ್ಯ ಕಥೆ ಒಂದು ಬೆಳಗಿನದು. ಫಿಲಿಪ್ಪೈನ್ಸ್ ದ್ವೀಪಗಳ ಮೂಡಣಕ್ಕೆ, ಬೇಗ ಓಡಲಾರದ ಕೆಲವು ಸಣ್ಣ ವಿಮಾನವಾಹಕಗಳು. ಅವುಗಳ ಜೊತೆಗೆ ಬೆರಳೆಣಿಕೆಯ ಬೆಂಗಾವಲು ಹಡಗುಗಳು. ಎದುರಿಗೆ ದಿಗಂತದಲ್ಲಿ ಇದ್ದಕ್ಕಿದ್ದಂತೆ ಜಪಾನಿನ ಅತಿ ದೊಡ್ಡ ಯುದ್ಧನೌಕೆಗಳು. ತಂಬಾಕಿನ ಸುಗ್ಗಿಯಲ್ಲಿ ಮನೆಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತು ಎಲೆಯ ಕಡ್ಡಿ ಬಿಡಿಸುವಾಗ, ಘಾಟಿಗೆ ಸೀನುತ್ತ, ಅದೆಷ್ಟು ಸಲ ಈ ಕಥೆ ಕೇಳಿದ್ದೇವೋ. ಕಾಕಾ ಕಡ್ಡಿ ಬಿಡಿಸುತ್ತಿರಲಿಲ್ಲ. ಕಂಬಕ್ಕೆ ಒರಗಿ ನಿಂತಿರುತ್ತಿದ್ದ.

"ಎದುರಿಗಿ ಗುಡ್ಡ ಬಂದಂಗ ಬಂತ ನೋಡ್ರಿ. ಇವು ಓಡಿದ್ವೇನು? ಇಲ್ಲ! ದಟ್ಟಾನ ಹೊಗಿ ಬಿಟ್ಟು ನಿಧಾನದ ಹಡಗ ಮುಚ್ಚಿದ್ವು. ಆಮ್ಯಾಲ ತಾವು ಹೊಗ್ಯಾಗಿಂದ ಹೊರಗ ಬಂದು ಗುಡ್ಡಕ್ಕ ಹಾಯ್ದ್ವು!"

ಒಂದು ರಂಗಪಂಚಮಿಯ ದಿನ ಹಿತ್ತಲಿನ ಹಂಡೆಯಲ್ಲಿ ಬಣ್ಣದ ನೀರು ಚಿಮ್ಮಿಸಿ ತೋರಿಸಿದ್ದ. ಯಾವ ಗುಂಡು ಯಾವ ಹಡಗಿನದೆಂದು ಗುರುತಾಗಲು ಜಪಾನಿನವರು ಬಣ್ಣ ತುಂಬಿರುತ್ತಿದ್ದರಂತೆ. ಗುಂಡು ಬಿದ್ದಲ್ಲಿ ಕೆಂಪು, ಹಸಿರು, ಹಳದಿ ನೀರಿನ ಕಂಬಗಳು ಏಳುತ್ತಿದ್ದವಂತೆ. ನಾವು ಮಕ್ಕಳೆಲ್ಲ ಬಾಯಿ ತೆರೆದು ನಿಂತಿದ್ದೆವು. ಅತ್ತಿ ಮಾತ್ರ ಕೇಳಿದಳು:

"ಆ ಸಣ್ಣ ಹಡಗ ಕಡೀಕ ಏನಾದ್ವೋ ವಸಂತ?"

"ಕೆಲವು ಮುಳುಗಿದ್ವು."

"ನಿಧಾನದವು?"

"ಬಾಳಷ್ಟು ಉಳದ್ವು."

"ಹಂಗಾರ ಆತು," ಎಂದು ಅತ್ತಿ ಸೆರಗಿಗೆ ಸಿಡಿದಿದ್ದ ಬಣ್ಣ ಒರೆಸಿಕೊಂಡಳು.

ಅವಳಿಗೆ ಬೇಕಾದದ್ದು ಆ ಕೊನೆಯ ಉತ್ತರ. ಆಗ ನನಗೆ ಇದು ಹೊಳೆದಿರಲಿಲ್ಲ. ನನಗೆ ಹಡಗಿನ ಉದ್ದಗಲಗಳನ್ನು ಬಾಯಿಪಾಠ ಮಾಡುವುದರಲ್ಲಿ ಆಸಕ್ತಿ. ಏಳನೆಯ ಇಯತ್ತೆಯಲ್ಲಿ ಕರ್ನಾಟಕದ ನದಿಗಳ ಹೆಸರು ಕೇಳಿದಾಗ ತಡವರಿಸಿ, ಸಬ್‌ಮರೀನಿನ ಮೇಲೆ ಎಸೆಯುವ ಸಿಡಿಪೀಪಾಯಿ ಎಷ್ಟು ಆಳದಲ್ಲಿ ಸಿಡಿಯಬೇಕೆಂಬುದನ್ನು ಹಡಗಿನವರೇ ಹೇಗೆ ಗೊತ್ತುಮಾಡುತ್ತಾರೆಂದು ವಿವರಿಸಿದ ಹುಡುಗಿ ನಾನು. ಬಾಯಿ ಮುಚ್ಚಿ ಕೂರುವ ಅಭ್ಯಾಸ ನನಗೆ ಆಮೇಲೆ ಬಂತು.

ಕಾಕಾ ಬರೀ ಕಥೆ ಹೇಳುತ್ತಿರಲಿಲ್ಲ, ಬೆಂಗಾವಲನ್ನು ಆಚರಿಸುತ್ತಿದ್ದ. ನಾವು ಮನೆಯ ಹುಡುಗಿಯರು ಬಸ್ಸಿಗೆ ಹೊರಟರೆ ಛತ್ರಿ ಹಿಡಿದು ಹಿಂದೆ ಬರುತ್ತಿದ್ದ. ಸೈಕಲ್ಲಿದ್ದರೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಅಡ್ಡಡ್ಡ ಓಡಿಸುತ್ತಿದ್ದ. ಸಬ್‌ಮರೀನು ಗುರಿಯಿಡಬಾರದೆಂದು ಹಡಗುಗಳು ಹಾಗೆ ಹೋಗುತ್ತಿದ್ದವಂತೆ. ಕಬ್ಬಿನ ಸುಗ್ಗಿಯಲ್ಲಿ ಎರಡೆರಡು ಗಾಡಿ ಎಳೆದು ಬರುವ ಟ್ರ್ಯಾಕ್ಟರಿನವರು ಬ್ರೇಕು ತುಳಿದು, "ಮಾಸ್ತರ, ಬೆಳಿಗ್ಗೇನ ಕುಡದೀರೇನ್ರಿ?" ಎಂದು ಕೂಗುತ್ತಿದ್ದರು. ಅತ್ತಿಯೂ ಜೊತೆಗಿದ್ದ ದಿನ ಕಾಕಾ ಒಂದು ಸೂತ್ರ ಹೇಳುತ್ತಿದ್ದ: ಗುಂಪಿನಲ್ಲಿ ಎಲ್ಲಕ್ಕಿಂತ ನಿಧಾನದ ಹಡಗು ಯಾವುದೋ, ಅದರ ವೇಗವೇ ಗುಂಪಿನ ವೇಗ. ಹೇಳುವಾಗ ಅವನು ಅತ್ತಿಗಿಂತ ಬಹಳ ಮುಂದೆ, ಬೇವಿನ ಮರದ ನೆರಳಿಗೆ ಆಗಲೇ ಮುಟ್ಟಿರುತ್ತಿದ್ದ. ಹಿಂತಿರುಗಿ ನಿಂತು ಕೂಗಿ ಹೇಳುತ್ತಿದ್ದ, ಅತ್ತಿಗೆ ಕೇಳಲಿ ಎಂದು.

ಸಮುದ್ರವನ್ನು ಅವನು ಕಂಡದ್ದು ಒಮ್ಮೆ, ಶಾಲೆಯ ಪ್ರವಾಸದಲ್ಲಿ ಮಾಲವಣಕ್ಕೆ ಹೋದಾಗ. ಮಕ್ಕಳನ್ನು ಕೋಟೆ ತೋರಿಸಲು ದೋಣಿಯಲ್ಲಿ ಕಳಿಸಿ, ತಾನು ದಡದಲ್ಲಿ ಚಪ್ಪಲಿಗಳನ್ನು ಕಾಯುತ್ತ ಕೂತನೆಂದು ಅವನ ಶಿಷ್ಯರೇ ಹೇಳಿದ್ದು. ಇರಲಿ, ಚಪ್ಪಲಿಗಳಿಗೂ ಬೆಂಗಾವಲು ಬೇಕು. ಹೊಳೆಗೆ ಮಹಾಪೂರ ಬಂದ ವರ್ಷ ನಡೆದದ್ದನ್ನು ಮಾತ್ರ ನಾನೇ ನೋಡಿದೆ. ಕಾಕಾನ ಮಾವನ ಮನೆ ಕುಡಚಿಯ ಆಚೆ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ಸುತ್ತ ನೀರು ಏರಿ ಹಳ್ಳಿ ನಡುಗಡ್ಡೆಯಾಗಿತ್ತು. ಕುಡಚಿಯ ಮೀನುಗಾರರು ದೋಣಿ ಹಾಕಿ ಜನರನ್ನು ತರುತ್ತಿದ್ದರು. ಜಾಗ ಗುರುತಿಸಲು ಮನೆಯವರೊಬ್ಬರು ಬೇಕು ಎಂದರು ಅವರು. ಕಾಕಿ ಸೆರಗು ಕಟ್ಟಿ ಹತ್ತಿದಳು. ಕಾಕಾ ದಂಡೆಯ ಮೇಲೆ ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ ಎಂದು ಅಪ್ಪಣೆ ಕೊಟ್ಟ. ಹುಟ್ಟು ಹಾಕುತ್ತಿದ್ದ ಮುದುಕ ತಲೆಯೆತ್ತಿ, "ಮಾಸ್ತರ್ ಸಾಬ, ಒಂದೋ ಕುಂಡ್ರಿ, ಇಲ್ಲಾ ಸುಮ್ಮನಿರ್ರಿ," ಎಂದ. ಕಾಕಾ ಸುಮ್ಮನಿದ್ದ. ಕಾಕಿ ತನ್ನ ತಾಯಿಯನ್ನೂ ಎರಡು ಆಡುಗಳನ್ನೂ ಕರೆತಂದಳು. ಮನೆಗೆ ಬಂದ ಮೇಲೆ ಆ ಕಾರ್ಯಾಚರಣೆಯನ್ನು ನಮಗೆಲ್ಲ ಬಿಡಿಸಿ ಹೇಳಿದವನು ಕಾಕಾ.

ಇಷ್ಟರವರೆಗೆ ಇದು ನಗುವ ವಿಷಯ. ಹೇಡಿತನ ಒಂದು ದೊಡ್ಡ ಪಾಪವೇನಲ್ಲ. ನಾನೂ ಜಿರಳೆ ಕಂಡರೆ ಮಂಚ ಹತ್ತುತ್ತೇನೆ. ಆದರೆ ನಾನು ಜಿರಳೆ ಹಿಡಿಯುವವರ ಮೇಲೆ ಉಪನ್ಯಾಸ ಮಾಡುವುದಿಲ್ಲ.

ಸುಮನತ್ತಿಯ ಗಂಡ ಇಚಲಕರಂಜಿಯಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಾಗ ಅವಳು ತವರಿಗೆ ಬಂದಳು. ನಾನು ಇನ್ನೂ ಹುಟ್ಟಿರಲಿಲ್ಲ. ಅಜ್ಜ ಅವಳಿಗೆ ಬಾವಿಯ ಪಕ್ಕದ ಹೊಲದ ಪಟ್ಟಿಯಲ್ಲಿ ಒಂದು ಕೋಣೆ, ಒಂದು ದನದ ಚಪ್ಪರ ಹಾಕಿಕೊಟ್ಟ. ಅಲ್ಲಿ ಮೆಟ್ಟಿಲಿಲ್ಲ, ಹೊಸ್ತಿಲೂ ಇಲ್ಲ. ಅವಳ ಕಾಲಿಗೆ ಸರಿಯಾಗಿ ನೆಲ ಸಮ ಮಾಡಿಸಿದ್ದ. ಎಮ್ಮೆ ಕಟ್ಟಿ ಹಾಲು ಮಾರಿ ಅವಳು ಯಾರ ಕೈಯನ್ನೂ ಕಾಯದೆ ಬದುಕಿದಳು. ಅಜ್ಜ ತೀರಿಕೊಂಡ ಮೇಲೆ ಆಸ್ತಿ ಹಂಚುವ ಮಾತು ಬಂತು. ಆ ಪಟ್ಟಿ ತನ್ನ ಹೆಸರಿಗೆ ಇರಲಿ ಎಂಬುದು ಅವಳ ಒಂದೇ ಆಸೆ. ಆ ಹೊತ್ತಿಗೆ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಬಂದು ಸ್ವಲ್ಪ ಕಾಲವಾಗಿತ್ತು. ನಮ್ಮ ಊರಿಗೆ ಅದು ಇನ್ನೂ ಬಸ್ಸು ಸಿಕ್ಕು ತಲುಪಿರಲಿಲ್ಲ.

ಕಾಕಾ ತಾನೇ ಅತ್ತಿಯ ಕೋಣೆಗೆ ಬಂದ. ಜಾಲಿಕಟ್ಟಿಗೆ ಕೆತ್ತಿ, ಬಣ್ಣ ಹಚ್ಚಿ, ಊದಿನಕಡ್ಡಿಯ ತೋಪು ಕೂರಿಸಿ ತಾನೇ ಮಾಡಿದ ಆ ಹಡಗನ್ನು ಅವಳ ಕೈಯಲ್ಲಿಟ್ಟ. ಬಿ.ಎ. ಎರಡನೆಯ ವರ್ಷದಲ್ಲಿದ್ದ ನಾನು ಅಲ್ಲೇ ಕೂತು ಓದುತ್ತಿದ್ದೆ.

"ಅಕ್ಕಾ, ಕಾಳಜಿ ಮಾಡಬ್ಯಾಡ. ಹಿರ್ಯಾರ ಮುಂದ ನೀ ಒಂದ ಮಾತ ತಗಿ ಸಾಕು. ಮುಂದಿಂದ ನಂದು. ನಾ ಅದೀನಿ."

"ಖರೇನ?"

"ನಿನ್ನ ಬೆಂಗಾವಲು ನಾ ಬೇ!"

ಅತ್ತಿ ಹಡಗನ್ನು ಸೆರಗಿನಿಂದ ಒರೆಸಿ ಕನ್ನಡಿಯ ಪಕ್ಕ ಇಟ್ಟಳು. ಚಿಕ್ಕವನಿದ್ದಾಗ ಇವನನ್ನು ಸೊಂಟದ ಮೇಲೆ ಹೊತ್ತು, ಕುಂಟುತ್ತ ಹೊಲಕ್ಕೆ ಬುತ್ತಿ ಒಯ್ದವಳು ಅವಳು. ನಂಬುವುದಕ್ಕೆ ಅವಳಿಗೆ ಕಾರಣವಿತ್ತು.

ನಮ್ಮ ಕಡೆ ಹೆಣ್ಣುಮಕ್ಕಳ ಪಾಲು ಬಿಡಿಸಿಕೊಳ್ಳುವ ಪದ್ಧತಿಯನ್ನು ನೀವು ನೋಡಿರದಿದ್ದರೆ ಒಮ್ಮೆ ನೋಡಬೇಕು. ಅಷ್ಟು ಚೆಂದವಾಗಿ ಕೆಲವೇ ಕೆಲಸಗಳನ್ನು ನಾವು ಮಾಡುತ್ತೇವೆ. ಅದು ಜಗಳದಂತೆ ಕಾಣಬಾರದು. ಶ್ರಾವಣದ ಪಂಚಮಿ ಹಬ್ಬಕ್ಕೆ ಮಗಳನ್ನು ಕರೆಯುತ್ತಾರೆ. ಮೊದಲು ಹೋಳಿಗೆ, ತುಪ್ಪ ಕೈತುಂಬಾ. ಆಮೇಲೆ ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಾರೆ: ಸೀರೆ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು. ತವರಿನ ಉಡಿ ಸೆರಗಿನಲ್ಲಿ ಬಿದ್ದ ಮೇಲೆ ತವರಿಗೆ ಇಲ್ಲ ಎನ್ನಬಾರದು. ಆಮೇಲೆ ಜೀಪು, ಜೀಪಿನಿಂದ ಇಳಿದರೆ ನೋಂದಣಿ ಕಚೇರಿ. ಹಕ್ಕು ಬಿಟ್ಟುಕೊಡುವ ಕಾಗದದಲ್ಲಿ 'ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ' ಎಂದು ಮೊದಲೇ ಬರೆದಿರುತ್ತದೆ. ಹೋಳಿಗೆ ಅರಗುವುದರೊಳಗೆ ಪಾಲು ಹೋಗಿರುತ್ತದೆ. ದರೋಡೆ ಮಾಡುವವರು ಚಾಕುವಿನ ಬದಲು ತುಪ್ಪದ ಗಿಂಡಿ ಹಿಡಿದರೆ ಪೊಲೀಸರಿಗೆ ಎಷ್ಟೋ ಕೆಲಸ ಉಳಿಯುತ್ತಿತ್ತು.

ಆ ಪಂಚಮಿಯಂದು ಪಡಸಾಲೆಯಲ್ಲಿ ನಮ್ಮ ಮನೆತನದ ಇಬ್ಬರು ಹಿರಿಯರು ಗೋಡೆಗೆ ಒರಗಿ ಕೂತಿದ್ದರು. ಅಪ್ಪ ಮಾತಿನವನಲ್ಲ, ನೆಲ ನೋಡುತ್ತಿದ್ದ. ಮಣೆ ಹಾಕಿಯಾಗಿತ್ತು. ಅತ್ತಿ ಮಣೆಯ ಮೇಲೆ ಕೂರಲಿಲ್ಲ. ಗೋಡೆ ಹಿಡಿದು ನಿಂತೇ ಹೇಳಿದಳು:

"ಬಾಂವಿ ಪಟ್ಟಿ ಒಂದ ನನಗಿರಲಿ. ಉಳದದ್ದ ಏನೂ ಬ್ಯಾಡ."

ಹಿರಿಯರಲ್ಲಿ ಒಬ್ಬರು ಅಡಕೆ ಕಡಿಯುವುದನ್ನು ನಿಲ್ಲಿಸಿ, "ಏನಂದಿ ತಂಗಿ?" ಎಂದರು. ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಅತ್ತಿ ಅವರನ್ನು ನೋಡದೆ ಕಾಕಾನನ್ನು ನೋಡಿದಳು. ನಾನೂ ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ ಹೆಂಗಸರೆಲ್ಲ ನೋಡಿದರು. ಗುಡ್ಡ ಎದುರಿಗಿತ್ತು, ಹೊಗೆಯೊಳಗಿಂದ ಹೊರಗೆ ಬರುವ ಗಳಿಗೆ.

ಕಾಕಾ ಎದ್ದು ನಿಂತ. ಧೋತರದ ಚುಂಗು ಸರಿಮಾಡಿಕೊಂಡ.

"ನಾ ಚಹಾ ಹೇಳಿ ಬರ್ತೀನಿ," ಎಂದ.

ಅಡುಗೆಮನೆಯಲ್ಲಿ ಆರು ಜನ ಹೆಂಗಸರಿದ್ದರು, ಒಲೆಯ ಮೇಲೆ ಚಹಾ ಕುದಿಯುತ್ತಿತ್ತು, ಅದರ ವಾಸನೆ ಪಡಸಾಲೆಯ ತುಂಬಾ ಇತ್ತು. ನಮ್ಮ ಕಾಕಾ ಚಹಾ ಹೇಳಲು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದ.

ಆಮೇಲೆ ಹೇಳುವಂಥದ್ದೇನಿಲ್ಲ. ಅಕ್ಕತಂಗಿಯರು ಅಣ್ಣತಮ್ಮಂದಿರ ಮೇಲೆ ಕೋರ್ಟಿಗೆ ಹೋದ ಮನೆಗಳು ಹೇಗೆ ಹಾಳಾದವು ಎಂಬುದನ್ನು ಹಿರಿಯರು ವಿವರಿಸಿದರು. ನಿನ್ನನ್ನು ಯಾರು ಹೊರಗೆ ಹಾಕುತ್ತಾರೆ, ಸಾಯುವ ತನಕ ಅಲ್ಲೇ ಇರು ಎಂದರು. ಅತ್ತಿ ಎರಡು ಸಲ ಬಾಗಿಲ ಕಡೆ ನೋಡಿದಳು. ಮೂರನೆಯ ಸಲ ನೋಡಲಿಲ್ಲ. ಮಣೆಯ ಮೇಲೆ ಕೂತಳು. ಉಡಿ ತುಂಬಿ, ಜೀಪು ಬಂದು ನಿಂತ ಮೇಲೆ ಕಾಕಾ ಮರಳಿದ. ಚಹಾ ಕೂಡ ತಂದಿರಲಿಲ್ಲ. ಅವಳ ಸೀರೆಯ ಅಂಚು ಮುಟ್ಟಿ ನೋಡಿ, "ಎಕದಮ್ ಝಕಾಸ್ ಐತಿ ಅಕ್ಕಾ, ನಾನ ಆರಿಸಿದ್ದು," ಎಂದ.

ಸಂಜೆ ನಾನು ಕೇಳಿದೆ, ಯಾಕೆ ಹೋದಿರಿ ಎಂದು. ಅವನು ನನ್ನ ಭುಜ ತಟ್ಟಿ, "ತಂತ್ರ ಬೇ. ಕೆಲವೊಮ್ಮೆ ಹಿಂದ ಸರೀಬೇಕಾಕೈತಿ," ಎಂದ. ಅವನ ಹಡಗುಗಳು ಹೊಗೆ ಬಿಟ್ಟದ್ದು ಬೇರೆಯವರನ್ನು ಮುಚ್ಚಲು. ಇವನು ಬಿಟ್ಟ ಹೊಗೆಯಲ್ಲಿ ಕಾಣದಂತಾದದ್ದು ಇವನೊಬ್ಬನೇ. ಅಂದಿನಿಂದ ನಾನು ಅವನ ಕಥೆ ಕೇಳಲಿಲ್ಲ. ಅವನಿಗೆ ಇದು ಗೊತ್ತಾಗಲಿಲ್ಲ. ಕೇಳುವವರು ಇದ್ದಾರೋ ಇಲ್ಲವೋ ನೋಡಿ ಮಾತಾಡುವ ಅಭ್ಯಾಸ ಅವನಿಗೆ ಇರಲಿಲ್ಲ.

ಧಾರವಾಡದಲ್ಲಿ ಎಂ.ಎ. ಓದುವಾಗ ಒಮ್ಮೆ ಸೆಮಿನಾರಿಗೆ ಇದೇ ಹಡಗುಗಳನ್ನು ಆರಿಸಿಕೊಂಡೆ. ನಿಜ ಹೇಳಬೇಕೆಂದರೆ ಉದ್ದೇಶ ಒಳ್ಳೆಯದಿರಲಿಲ್ಲ. ಕಾಕಾ ಹೇಳಿದ್ದೆಲ್ಲ ಸುಳ್ಳೆಂದು ತೋರಿದರೆ ಸಾಕಿತ್ತು. ಎಲ್ಲವನ್ನೂ ಒಟ್ಟಿಗೆ ಕಸಕ್ಕೆ ಹಾಕಬಹುದಿತ್ತು. ಗ್ರಂಥಾಲಯದಲ್ಲಿ ಕೂತು ಓದಿದೆ. ಎಲ್ಲ ನಿಜವಾಗಿತ್ತು. ಹೊಗೆ, ಬಣ್ಣದ ಕಂಬಗಳು, ತೆಳು ತಗಡನ್ನು ಗುಂಡುಗಳು ಸಿಡಿಯದೆ ಹಾಗೆಯೇ ತೂರಿಕೊಂಡು ಹೋದದ್ದು, ಕೊನೆಗೆ ಆ ದೊಡ್ಡ ಹಡಗುಗಳು ಹಿಂತಿರುಗಿದ್ದು, ಎಲ್ಲ. ಅಷ್ಟು ನಿಜವನ್ನು ಬಾಯಲ್ಲಿ ಇಟ್ಟುಕೊಂಡು ಒಬ್ಬ ಮನುಷ್ಯ ಚಹಾ ಹೇಳಲು ಹೋಗಬಲ್ಲನೆಂಬುದು ನಾನು ವಿಶ್ವವಿದ್ಯಾಲಯದಲ್ಲಿ ಕಲಿತ ಮುಖ್ಯ ವಿಷಯ. ಪ್ರಾಧ್ಯಾಪಕರು ಪ್ರಬಂಧ ತಿರುವಿ ನೋಡಿ, "ಇದರಲ್ಲಿ ಕರ್ನಾಟಕ ಎಲ್ಲಿ ಬರುತ್ತದೆ?" ಎಂದು ಕೇಳಿದರು. ಬರುವುದಿಲ್ಲ ಸರ್ ಎಂದೆ.

ಈಗ ಮತ್ತೆ ಆ ಕೋಳಿಬುಟ್ಟಿಗೆ ಬರೋಣ. ನಾನು ಅಥಣಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎರಡು ದಿನ ರಜೆ ಹಾಕಿ ಬಾ ಎಂದು ಅಪ್ಪ ಫೋನು ಮಾಡಿಸಿದ್ದ. ಬಾವಿಯ ಪಟ್ಟಿ ಅಪ್ಪನ ಪಾಲಿಗೆ ಬಂದಿತ್ತು. ಅದರ ಪಕ್ಕದ ದಾರಿ ಅಗಲವಾಗಿ, ಡಾಂಬರು ಬಿದ್ದು, ಪಟ್ಟಿಗೆ ಬೆಲೆ ಬಂದಿತ್ತು. ಅದನ್ನು ಪ್ಲಾಟು ಮಾಡಿ ಮಾರಬೇಕೆಂದು ನನ್ನ ತಮ್ಮನ ಯೋಜನೆ. ಅದಕ್ಕೆ ನನ್ನ ಹಕ್ಕು ಬಿಟ್ಟ ಕಾಗದ ಬೇಕು, ಅದೂ ನನ್ನ ಮದುವೆಗೆ ಮೊದಲು. ಅಳಿಯ ಬಂದ ಮೇಲೆ ಹುಡುಗಿಯರಿಗೆ ಬುದ್ಧಿ ಬರುತ್ತದೆಂಬ ಭಯ. ನಾನು ಸಹಿ ಹಾಕಿದರೆ ಮೊದಲು ಕೆಡವುವುದು ಅತ್ತಿಯ ಚಪ್ಪರ. ಇದನ್ನು ನನಗೆ ತಿಳಿಹೇಳಿ ಒಪ್ಪಿಸುವ ಕೆಲಸವನ್ನು ಮನೆಯವರು ಯಾರಿಗೆ ವಹಿಸಿದ್ದರೆಂದು ಬೇರೆ ಹೇಳಬೇಕೆ?

ಕಾಕಾನ ಸ್ಕೂಟರು ಚಪ್ಪರದ ಮುಂದೆ ನಿಂತಿತು. ನಿವೃತ್ತಿಯಾಗಿ ಮೈ ತುಂಬಿಕೊಂಡಿದ್ದ. ಕಂಕುಳಲ್ಲಿ ನಿಪ್ಪಾಣಿಯ ಅಂಗಡಿಯ ಸೀರೆಯ ಡಬ್ಬಿ.

"ಏನವಾ ಮೇಡಂ, ಅಥಣಿ ಬಿಸಲಾಗ ಕರಗಿ ಹೋಗೀಯಲ್ಲ!"

"ಬರ್ರಿ ಕಾಕಾ."

"ನಾಳೆ ಮುಂಜಾನೆ ನಿಪ್ಪಾಣಿ ಕಚೇರ್ಯಾಗ ಕೆಲಸ. ಫೋಟೋ ತಗೀತಾರ, ಹೆಬ್ಬಟ್ಟ ಒತ್ತಸ್ತಾರ, ಮುಗೀತು. ನಾ ಇರ್ತೀನಿ, ಘಾಬರಿ ಆಗಬ್ಯಾಡ."

"ಅತ್ತಿ ಎಲ್ಲಿರಬೇಕು?"

"ಮನಿ ಇಲ್ಲೇನ? ಮಾಳಿಗಿ ಮ್ಯಾಲಿನ ಖೋಲಿ ಖಾಲೀನ ಐತಿ."

"ಅದಕ್ಕ ಪಾವಟಿಗಿ ಅದಾವು."

"ಹಿಡಕೊಂಡ ಹತ್ತಬೇಕು."

"ಎಮ್ಮಿ?"

ಮೇವಿನ ಗೋದಲಿಯ ಕಡೆಯಿಂದ ಅತ್ತಿಯ ದನಿ ಬಂತು: "ಎಮ್ಮಿನೂ ಹಿಡಕೊಂಡ ಹತ್ತತೈತಿ ಬಿಡ."

ಕಾಕಾ ನಗಲಿಲ್ಲ. ಡಬ್ಬಿ ಬಿಚ್ಚದೆ ಎರಡೂ ಕೈಯಲ್ಲಿ ಎತ್ತಿ ಹಿಡಿದ. "ಚೊಲೋ ಹೊತ್ತೈತಿ. ಉಡಿ ಚಾಚು. ಓಢಣಿ ಆದ್ರೂ ನಡೀತೈತಿ."

ನಾನು ಓಢಣಿ ಚಾಚಲಿಲ್ಲ. ಬಗ್ಗಿ ಕೋಳಿಬುಟ್ಟಿಯ ಕೆಳಗಿನ ಹಡಗನ್ನು ಎಳೆದುಕೊಂಡೆ. ಬುಟ್ಟಿ ದಪ್ಪನೆ ಕೂತು ಮರಿಗಳೆಲ್ಲ ಚೀರಿದವು. "ಅಯ್ಯ, ಬಾಲ ಸಿಕ್ಕೊಂಡಾವು!" ಎಂದು ಅತ್ತಿ ಕುಂಟುತ್ತ ಬಂದಳು. ಒಂದು ಕೈಯಲ್ಲಿ ಬುಟ್ಟಿ ಎತ್ತಿ, ಇನ್ನೊಂದು ಕೈ ಚಾಚಿ ತಮ್ಮನ ಕೈಯಿಂದ ಸೀರೆಯ ಡಬ್ಬಿ ಇಸಿದುಕೊಂಡು ಬುಟ್ಟಿಯ ಅಂಚಿನಡಿ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಇದೂ ಬರೋಬರ್ ಕುಂಡ್ರತೈತಿ," ಎಂದಳು.

ಎಮ್ಮೆಯ ನೀರಿನ ದೋಣಿ ತುಂಬಿತ್ತು. ಇಷ್ಟು ವರ್ಷದಲ್ಲಿ ಯಾರೂ ಮಾಡದ ಒಂದು ಕೆಲಸವನ್ನು ನಾನು ಮಾಡಿದೆ: ಹಡಗನ್ನು ನೀರಿನ ಮೇಲೆ ಇಟ್ಟೆ. ಒಂದು ಕ್ಷಣ ನೆಟ್ಟಗೆ ನಿಂತಿತು. ಆಮೇಲೆ ಹೊಗೆಗೂಡು ಒಂದು ಕಡೆ ವಾಲಿತು, ತೋಪುಗಳು ನೀರಿಗೆ ಹೋದವು, ಹೊಟ್ಟೆ ಮೇಲಾಯಿತು. ಹೊಟ್ಟೆಗೆ ಬಣ್ಣವನ್ನೇ ಹಚ್ಚಿರಲಿಲ್ಲ. ಎಮ್ಮೆ ಮೂತಿಯಿಂದ ಅದನ್ನು ಬದಿಗೆ ತಳ್ಳಿ ನೀರು ಕುಡಿಯಿತು.

"ಅದು ಶೋಕೇಸಿಂದ ಬೇ," ಎಂದ ಕಾಕಾ. "ನೀರಿಗಿ ಅಂತ ಮಾಡಿದ್ದಲ್ಲ."

"ಗೊತ್ತೈತಿ ಕಾಕಾ," ಎಂದೆ.

ಅವನು ಸ್ಕೂಟರು ಒದೆಯುತ್ತ ಮತ್ತೊಮ್ಮೆ ಹೇಳಿದ: "ನಾಳೆ ಬಾ. ಮುಂದ ಅಕ್ಕಗ ಏನರ ತ್ರಾಸ ಆದ್ರ ನಾ ಅದೀನಿ."

ಹೋಗದೇ ಇರುವುದು ಸುಲಭವಿತ್ತು. ಅಥಣಿಯ ಬಸ್ಸು ಹತ್ತಿದರೆ ಮುಗಿಯಿತು; ಜ್ವರ ಎನ್ನಬಹುದು, ಕಾಲೇಜಿನಲ್ಲಿ ಪರೀಕ್ಷೆ ಎನ್ನಬಹುದು. ನಾನು ಎದುರುತ್ತರ ಕೊಡದ, ದನಿ ಎತ್ತದ ಹುಡುಗಿ ಎಂದು ಮನೆಯಲ್ಲಿ ಹೆಸರು. ಆದರೆ ಕಾಣೆಯಾಗುವುದು ನಮ್ಮ ಮನೆತನದಲ್ಲಿ ಆಗಲೇ ಒಬ್ಬರಿಗೆ ಸಲ್ಲುವ ವಿದ್ಯೆ.

ಮರುದಿನ ಬೆಳಿಗ್ಗೆ ಅತ್ತಿಯೂ ನಾನೂ ಚಹಾ ಕುಡಿದು, ಎಮ್ಮೆಗೆ ಮೇವು ಹಾಕಿ, ಬಾಗಿಲೆಳೆದು ಹೊರಟೆವು. ತಮ್ಮ ಕಾರು ತರುತ್ತೇನೆಂದಿದ್ದ, ಬೇಡವೆಂದೆ. ನಾನು ಸಾಮಾನ್ಯವಾಗಿ ಬಿರುಸಾಗಿ ನಡೆಯುವವಳು. ಅಂದು ಅವಳ ಎಡಗಾಲು ನೆಲ ಸವರಿ ಮುಂದೆ ಬರುವವರೆಗೆ ಕಾದು ನನ್ನ ಹೆಜ್ಜೆ ಇಟ್ಟೆ. ಬೇವಿನ ಮರದ ಹತ್ತಿರ ಬರುವಾಗ ನಿಪ್ಪಾಣಿಯ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ಜೋತು, "ಲಗೂನ ಬರ್ರಿ ಅಕ್ಕಾರ!" ಎಂದು ಕೂಗಿದ. ಹೋಗಿ ಎಂದು ಕೈ ಮಾಡಿದೆ. ಮುಂದಿನ ಬಸ್ಸಿಗೆ ಹತ್ತಿದೆವು.

ಕಚೇರಿಯಲ್ಲಿ ಅಪ್ಪ, ತಮ್ಮ, ಕಾಕಾ ಆಗಲೇ ಕೂತಿದ್ದರು. ಅತ್ತಿಯನ್ನು ಕಂಡು ತಮ್ಮ ಹುಬ್ಬೇರಿಸಿದ. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಹೆಸರು ಕೂಗಿದಾಗ ನಾನು ಮೇಜಿನ ಮುಂದೆ ನಿಂತೆ. ಅಧಿಕಾರಿ ಕಾಗದದಿಂದ ತಲೆಯೆತ್ತದೆ, ದಿನವೂ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದರು.

"ಸ್ವಸಂತೋಷದಿಂದ ಹಕ್ಕ ಬಿಟ್ಟ ಕೊಡಾಕತ್ತೀರೇನ್ರಿ?"

"ಇಲ್ರಿ," ಎಂದೆ. ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಬಿಟ್ಟ ಕೊಡಂಗಿಲ್ಲ. ನನ್ನ ಪಾಲು ನನಗ ಬೇಕು. ಬಾಂವಿ ಕಡೀದ ಬೇಕು."

ಅವರು ತಲೆಯೆತ್ತಿದರು. ಅಪ್ಪ ನೆಲ ನೋಡಿದ. ತಮ್ಮ ಏನೋ ಹೇಳಲು ಬಾಯಿ ತೆರೆದು ಕಾಕಾನ ಕಡೆ ತಿರುಗಿದ. ಎಲ್ಲರೂ ಕಾಕಾನ ಕಡೆ ತಿರುಗಿದರು.

ಕಾಕಾ ಎದ್ದು ನಿಂತ. "ನಾ ಒಂದೀಟು ಚಹಾ ಹೇಳಿ..."

"ಕುಂಡ್ರೋ ವಸಂತ," ಎಂದಳು ಅತ್ತಿ, ಬೆಂಚಿನ ಮೇಲಿಂದಲೇ. "ನಾವು ಚಹಾ ಕುಡದ ಬಂದೀವಿ."

ನಾನು ಸಹಿಗೆಂದು ಕೊಟ್ಟಿದ್ದ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲೆ ಇಟ್ಟೆ.